ಇನ್ನೊಬ್ಬರ ಪರೀಕ್ಷೆಗೆ ಪೆನ್ನು ಹಿಡಿಯುವ ಮುಂಚೆ

2015ರ ಮೇ ತಿಂಗಳು. ರಾತ್ರಿ ಹತ್ತು ಗಂಟೆ. ನಾನು ಒಬ್ಬ ಹುಡುಗಿಗೆ ಫೋನ್ ಮಾಡಿ, ‘ನಾಳೆ ನಂಗೆ ಬರಕ್ಕಾಗಲ್ಲ, ನಮ್ಮ ಕಾಲೇಜಲ್ಲಿ ಇಂಟರ್ನಲ್ಸ್ ಇದೆ’ ಅಂದೆ. ಅವಳು ಸಿಂಧನೂರು ಕಡೆಯವಳು. ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದಳು. ಅವಳಿಗೆ ಕಣ್ಣು ಕಾಣುವುದಿಲ್ಲ. ಬೆಳಗಾದರೆ ಪರೀಕ್ಷೆ. ಅವಳು ಹೇಳಿದ ಉತ್ತರವನ್ನು ಪತ್ರಿಕೆಯಲ್ಲಿ ಬರೆಯಬೇಕಾಗಿದ್ದ ಸ್ಕ್ರೈಬ್ ನಾನು.

‘ಆಯ್ತಕ್ಕ’ ಅಂದಳು. ಅಷ್ಟೇ.

ಆ ರಾತ್ರಿ ಅವಳು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದಳಂತೆ. ಯಾರೂ ಸಿಗಲಿಲ್ಲ. ಆ ಪೇಪರ್ ಹೋಯಿತು. ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಫೀಸ್ ಕಟ್ಟಿ ಬರೆಯಬೇಕಾಯಿತು. ಅವಳು ಓದಿರಲಿಲ್ಲ ಅಂತಲ್ಲ, ಪೂರ್ತಿ ಓದಿದ್ದಳು.

ನನ್ನ ಇಂಟರ್ನಲ್ಸ್ ದಿನಾಂಕ ಎಂಟು ದಿನ ಮೊದಲೇ ನನಗೆ ಗೊತ್ತಿತ್ತು. ‘ಆಗಲ್ಲ’ ಅನ್ನಲು ಮುಜುಗರ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ತಳ್ಳಿದೆ. ಎಂಟು ದಿನ ಮೊದಲೇ ಹೇಳಿದ್ದರೆ ಅವಳಿಗೆ ಬೇರೆ ಯಾರಾದರೂ ಸಿಗುತ್ತಿದ್ದರು. ಆಗ ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ, ಮನೆ ಬೆಂಗಳೂರಿನ ಶ್ರೀನಗರದಲ್ಲಿ. ಈಗಲೂ ಮನೆ ಅಲ್ಲೇ. ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅವತ್ತಿನಿಂದ ಇವತ್ತಿನವರೆಗೆ ತುಂಬಾ ಪರೀಕ್ಷೆಗಳಿಗೆ ಹೋಗಿ ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಏನೇನು ಹೇಳಿಕೊಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ನೀವೇ ಯಾಕೆ ಬೇಕು

ಕಣ್ಣು ಕಾಣದವರಿಗೆ, ಕೈಯಲ್ಲಿ ಬರೆಯಲು ಆಗದವರಿಗೆ ಸ್ಕ್ರೈಬ್ ಸಿಗಬೇಕು ಅನ್ನುವುದು ಅವರ ಹಕ್ಕು. ಯಾರ ದಯೆಯೂ ಅದರಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರ ನಂತರ 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲಿಖಿತ ಪರೀಕ್ಷೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತ ಅದರಲ್ಲಿದೆ. ಮೂರು ಗಂಟೆಯ ಪೇಪರ್ ನಾಲ್ಕು ಗಂಟೆ ಆಗುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಒಬ್ಬ ಅಭ್ಯರ್ಥಿಯ ಕೇಸ್ ಅದು. ಶೇ 40ಕ್ಕಿಂತ ಕಡಿಮೆ ಅಂಗವೈಕಲ್ಯ ಅನ್ನುವ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವ ಹಾಗಿಲ್ಲ ಅಂತ ಕೋರ್ಟ್ ತೀರ್ಪು ಕೊಟ್ಟಿತು.

2025ರಲ್ಲಿ ಹೊಸ ಮಾರ್ಗಸೂಚಿ ಬರುವವರೆಗೆ ಇದ್ದ ಆ 2018ರ ಮಾರ್ಗಸೂಚಿಯಲ್ಲಿ ಇನ್ನೊಂದು ವಿಷಯವೂ ಇತ್ತು. ಪರೀಕ್ಷೆ ಬರೆಯುವವರು ತಾವೇ ಸ್ಕ್ರೈಬ್ ಕರೆತಂದರೆ, ಆ ಸ್ಕ್ರೈಬ್‌ನ ಓದು ಅವರಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ಆ ನಿಯಮದ ಪ್ರಕಾರ, ಡಿಗ್ರಿ ಮುಗಿಸಿದ ನಾನು ಡಿಗ್ರಿ ಪರೀಕ್ಷೆಗೆ ಹೋಗಿ ಕೂರುವ ಹಾಗಿರಲಿಲ್ಲ. ಎಂ.ಎ. ಪೇಪರ್ ಇದ್ದರೆ ಹೋಗಬಹುದಿತ್ತು. ಡಿಗ್ರಿಯವರಿಗೆ ಬರೆಯಲು ಪಿಯುಸಿಯವರು ಬೇಕಿತ್ತು, ಎಸ್ಸೆಸ್ಸೆಲ್ಸಿಯವರಿಗೆ ಅವರಿಗಿಂತ ಕೆಳಗಿನ ತರಗತಿಯವರು ಬೇಕಿತ್ತು. ಅಂದರೆ ಈ ಕೆಲಸ ಹೆಚ್ಚಾಗಿ ವಿದ್ಯಾರ್ಥಿಗಳಿಂದಲೇ ಆಗಬೇಕು. ಒಳ್ಳೆಯ ಸಂಬಳದವರು ದುಡ್ಡು ಕೊಟ್ಟರೂ ಇದು ನಡೆಯುವುದಿಲ್ಲ. ಹದಿನೇಳು ವರ್ಷದ ಒಬ್ಬರು ಬಂದು ಪಕ್ಕದಲ್ಲಿ ಕೂರಬೇಕು, ಅಷ್ಟೇ. ನಿಯಮ ಬದಲಾಗುತ್ತಲೂ ಇರುತ್ತದೆ, ಒಂದೊಂದು ಪರೀಕ್ಷೆಗೆ ಒಂದೊಂದು ಥರ ಇರುತ್ತದೆ. ಹಾಗಾಗಿ ಪ್ರತಿ ಸಲ ಆ ಪರೀಕ್ಷೆಯ ನೋಟಿಫಿಕೇಶನ್ ಓದಿ.

ಎಲ್ಲಿ ಹೆಸರು ಕೊಡುವುದು ಅಂತ ಕೇಳುತ್ತೀರಾ? ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಮಿತ್ರ ಜ್ಯೋತಿ ಇದೆ, ಸಮರ್ಥನಂ ಇದೆ. ಎರಡೂ ಈ ಊರಿನಲ್ಲಿ ತುಂಬಾ ವರ್ಷಗಳಿಂದ ಅಂಧ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುತ್ತಿವೆ. ಅಷ್ಟು ದೂರ ಆಗದಿದ್ದರೆ ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಮೇಷ್ಟ್ರನ್ನು ಕೇಳಿ.

ಹೂಂ ಅನ್ನುವ ಮುಂಚೆ

ಮೊದಲು ನಿಮ್ಮ ಸ್ವಂತ ಟೈಂಟೇಬಲ್ ತೆಗೆಯಿರಿ. ಇಂಟರ್ನಲ್ಸ್, ಪ್ರಾಕ್ಟಿಕಲ್ಸ್, ಮನೆಯಲ್ಲಿ ಮದುವೆ, ಊರಹಬ್ಬ, ಎಲ್ಲ ನೋಡಿ. ಪರೀಕ್ಷೆಯ ದಿನವೂ ಅದರ ಹಿಂದಿನ ದಿನವೂ ಖಾಲಿ ಇರಬೇಕು. ಮರುದಿನ ನಿಮ್ಮದೇ ಪರೀಕ್ಷೆ ಇದ್ದರೆ ಒಪ್ಪಿಕೊಳ್ಳಬೇಡಿ. ನಾಲ್ಕು ಗಂಟೆ ಬರೆದ ಕೈ ರಾತ್ರಿ ಓದಲು ಬಿಡುವುದಿಲ್ಲ. ಮನೆಯಲ್ಲೂ ಹೇಳಿಬಿಡಿ. ‘ಯಾರದೋ ಪರೀಕ್ಷೆಗೆ ನೀನ್ಯಾಕೆ’ ಅಂತ ಅಮ್ಮ ಕೇಳಿದರೆ ಕೂತು ಮಾತಾಡಿ. ಆ ದಿನ ಬೆಳಿಗ್ಗೆ ಬಾಗಿಲಲ್ಲಿ ವಾದ ಮಾಡುವುದಕ್ಕಿಂತ ಅದು ಒಳ್ಳೆಯದು.

ಆಮೇಲೆ ನಮ್ಮ ಮಾತಿನ ಒಂದು ಅಭ್ಯಾಸ ಬಿಡಬೇಕು. ‘ನೋಡ್ತೀನಿ’ ಅಂತೀವಲ್ಲ, ಅದು. ನಮ್ಮ ಮನೆಗಳಲ್ಲಿ ‘ನೋಡೋಣ’ ಅಂದರೆ ಮುಕ್ಕಾಲು ಪಾಲು ‘ಇಲ್ಲ’ ಅಂತಲೇ ಅರ್ಥ. ಮುಖ ಮುರಿಯದ ಹಾಗೆ ಇಲ್ಲ ಅನ್ನುವ ದಾರಿ ಅದು. ಆದರೆ ಪರೀಕ್ಷೆ ಹತ್ತಿರ ಇರುವವರಿಗೆ ಅದು ‘ಬರ್ತಾರೆ’ ಅಂತ ಕೇಳಿಸುತ್ತದೆ. ಅವರು ಬೇರೆಯವರನ್ನು ಹುಡುಕುವುದನ್ನು ನಿಲ್ಲಿಸುತ್ತಾರೆ. ಆದ್ದರಿಂದ ಎರಡೇ ಉತ್ತರ ಇಟ್ಟುಕೊಳ್ಳಿ: ‘ಬರ್ತೀನಿ’ ಅಥವಾ ‘ಆಗಲ್ಲ’. ನಿಜವಾಗಿಯೂ ಗೊತ್ತಿಲ್ಲದಿದ್ದರೆ, ಯಾವಾಗ ಗೊತ್ತಾಗುತ್ತದೆ ಅಂತ ಹೇಳಿ. ‘ಗುರುವಾರ ಸಂಜೆ ಆರರೊಳಗೆ ಫೋನ್ ಮಾಡಿ ಹೇಳ್ತೀನಿ, ಅಲ್ಲೀವರೆಗೂ ನೀವು ಬೇರೆಯವರನ್ನೂ ಹುಡುಕ್ತಾ ಇರಿ.’ ಹೀಗೆ ಬಾಯಿಬಿಟ್ಟು ಹೇಳಿ. ಗುರುವಾರ ಸಂಜೆ ಆರರೊಳಗೆ ಮಾಡಿ.

ಬೇಗ ಹೇಳಿದ ‘ಆಗಲ್ಲ’ ಕೂಡ ಸಹಾಯವೇ. ಇದನ್ನು ಕಲಿಯಲು ನನಗೆ ಒಬ್ಬ ಹುಡುಗಿಯ ಆರು ತಿಂಗಳು ಬೇಕಾಯಿತು.

ಬರೆಯುವ ವೇಗ ಪರೀಕ್ಷಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಪ್ರಜಾವಾಣಿ ಕೊಟ್ಟು ಸಂಪಾದಕೀಯ ಓದಿಸಿ. ಮಾತಾಡುವ ವೇಗಕ್ಕಿಂತ ಸ್ವಲ್ಪ ನಿಧಾನ, ಇಪ್ಪತ್ತು ನಿಮಿಷ. ನೀವು ಬರೆಯಿರಿ. ಆಮೇಲೆ ಪಕ್ಕಕ್ಕೆ ಇಟ್ಟು ಹೋಲಿಸಿ. ಎಷ್ಟು ಒತ್ತಕ್ಷರ ತಪ್ಪಿದೆ? ಅಲ್ಪಪ್ರಾಣ ಮಹಾಪ್ರಾಣ ಎಷ್ಟು ಕಡೆ ಅದಲುಬದಲಾಗಿದೆ? ಕೊನೆಯ ಐದು ಸಾಲು ಓದಲು ಬರುತ್ತದಾ? ನಿಮ್ಮ ಕಾಗುಣಿತದ ತಪ್ಪಿಗೆ ಅಂಕ ಹೋಗುವುದು ಅವರದು.

ಬೆಂಗಳೂರಿನಲ್ಲಿ ಇದು ದೊಡ್ಡ ಸಮಸ್ಯೆ. ರಾಯಚೂರು, ಕಲಬುರಗಿ, ಕೊಪ್ಪಳ ಕಡೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಬರೆಯುವ ಅಂಧ ವಿದ್ಯಾರ್ಥಿಗಳು ಇಲ್ಲಿ ಬಹಳ ಜನ ಇದ್ದಾರೆ. ಮುಂದೆ ಬರುವ ಸ್ಕ್ರೈಬ್‌ಗಳಲ್ಲಿ ನಾನು ಕಂಡ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ಮನಸ್ಸು ಒಳ್ಳೆಯದು, ಕನ್ನಡ ಮಾತಾಡುತ್ತಾರೆ, ಬರೆಯಲು ಕೂತರೆ ಕೈ ಓಡುವುದಿಲ್ಲ. ನೀವು ಹಾಗಿದ್ದರೆ ಇಂಗ್ಲಿಷ್ ಪೇಪರ್‌ಗೆ ಹೋಗಿ. ಕನ್ನಡ ಪೇಪರ್ ಬಂದರೆ ಬಿಟ್ಟುಕೊಡಿ. ನಿಮಗೆ ಕನ್ನಡ ಸರಾಗವಾಗಿ ಬರೆಯಲು ಬಂದರೆ ದಯವಿಟ್ಟು ಬನ್ನಿ. ನಿಮ್ಮಂಥವರು ಸಾಲದೇ ಹೋಗುತ್ತಿದ್ದಾರೆ.

ಎರಡು ದಿನ ಮೊದಲು

ಒಮ್ಮೆ ಭೇಟಿ ಆಗಿ. ಪರೀಕ್ಷೆ ನಡೆಸುವವರೇ ಸ್ಕ್ರೈಬ್ ಕೊಟ್ಟರೆ ಎರಡು ದಿನ ಮುಂಚೆ ಭೇಟಿ ಮಾಡಿಸಬೇಕು ಅಂತ 2018ರ ಮಾರ್ಗಸೂಚಿಯಲ್ಲೇ ಇತ್ತು. ನೀವಾಗಿಯೇ ಹೋಗುತ್ತಿದ್ದರೂ ಇದನ್ನು ಪಾಲಿಸಿ. ಅರ್ಧ ಗಂಟೆ ಸಾಕು. ಆದರೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವವರ ಮಾತು ಹೊಸಬರಿಗೆ ಬೇಗ ಅರ್ಥ ಆಗದೇ ಇರಬಹುದು. ಅವರ ಜೊತೆ ಎರಡು ಮೂರು ಸಲ ಕೂತು ಬರೆದು ನೋಡಿ.

ಕೇಳಬೇಕಾದದ್ದು ಇವು. ಪ್ರಶ್ನೆಪತ್ರಿಕೆ ಪೂರ್ತಿ ಒಂದು ಸಲ ಓದಲಾ, ಭಾಗ ಭಾಗವಾಗಿ ಓದಲಾ? ಎಷ್ಟು ಹೊತ್ತಿಗೊಮ್ಮೆ ಸಮಯ ಹೇಳಲಿ? ಕಾಮಾ, ಹೊಸ ಪ್ಯಾರಾ ನೀವೇ ಹೇಳ್ತೀರಾ, ನಾನೇ ಹಾಕಲಾ? ಬರೆದದ್ದನ್ನು ಪ್ರತಿ ಉತ್ತರದ ಕೊನೆಗೆ ಓದಿ ಹೇಳಲಾ, ಎಲ್ಲ ಮುಗಿದ ಮೇಲಾ? ಇನ್ನೊಂದು ಮುಖ್ಯ ಪ್ರಶ್ನೆ ಇದೆ. ‘ಐತಿ’, ‘ಹಾಂಗ’ ಅಂತ ಬಾಯಲ್ಲಿ ಬಂದರೆ ‘ಇದೆ’, ‘ಹಾಗೆ’ ಅಂತ ಬರೆಯಲಾ? ಇದಕ್ಕೆ ನೀವೇ ಉತ್ತರ ಊಹಿಸಬೇಡಿ. ಒಬ್ಬರು ‘ಬರೀರಿ ಅಕ್ಕ, ಪುಸ್ತಕದ ಭಾಷಾದಾಗ ಬರೀರಿ’ ಅಂದರು. ಇನ್ನೊಬ್ಬರು ‘ಪುಸ್ತಕದ ಭಾಷಾ ನಾನಾ ಹೇಳ್ತೀನ್ರಿ, ನೀವು ಹೇಳಿದ್ದಷ್ಟ ಬರೀರಿ’ ಅಂದರು. ಇಬ್ಬರದೂ ಸರಿ.

ಕಾಗದಪತ್ರವನ್ನೂ ಅವತ್ತೇ ನೋಡಿ. ಸ್ಕ್ರೈಬ್ ಅರ್ಜಿ, ಅದರ ಮೇಲೆ ಪ್ರಿನ್ಸಿಪಾಲ್ ಸಹಿ, ನಿಮ್ಮ ಫೋಟೊ, ಕಾಲೇಜ್ ಐಡಿ, ಆಧಾರ್, ನಿಮ್ಮ ಕೊನೆಯ ಮಾರ್ಕ್ಸ್ ಕಾರ್ಡ್. ಅವರ ಹಾಲ್ ಟಿಕೆಟ್, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ). ಎಲ್ಲದರ ಒಂದೊಂದು ಜೆರಾಕ್ಸ್ ಜಾಸ್ತಿ ಇರಲಿ. ಹೆಚ್ಚುವರಿ ಸಮಯದ ಸುತ್ತೋಲೆಯ ಪ್ರತಿ ಅವರ ಬಳಿ ಇದ್ದರೆ ಇನ್ನೂ ಒಳ್ಳೆಯದು. ಒಂದು ಕೇಂದ್ರದಲ್ಲಿ ಪರೀಕ್ಷೆ ಶುರುವಾಗಿ ಸರಿಯಾಗಿ ಮೂರು ಗಂಟೆ ಆದ ಕೂಡಲೇ ಪತ್ರಿಕೆ ಕೊಡಿ ಅಂತ ಬಂದರು. ಪರೀಕ್ಷೆ ಬರೆಯುತ್ತಿದ್ದವರು ಸದ್ದಿಲ್ಲದೆ ಬ್ಯಾಗಿನಿಂದ ಆ ಹಾಳೆ ತೆಗೆಸಿ ತೋರಿಸಿದರು. ಉಳಿದ ಒಂದು ಗಂಟೆ ಸಿಕ್ಕಿತು. ಅಂಥ ಹೊತ್ತಿನಲ್ಲಿ ಅವರ ಪರವಾಗಿ ನೀವು ಜಗಳಕ್ಕೆ ಇಳಿಯಬೇಡಿ. ಅವರು ಮಾತಾಡಲಿ. ಹಾಳೆಯನ್ನು ಕೈಗೆ ಕೊಡುವುದು ನಿಮ್ಮ ಕೆಲಸ.

ಹಣದ ಮಾತು: ಕೆಲವು ಪರೀಕ್ಷೆಗಳಲ್ಲಿ ಸ್ಕ್ರೈಬ್‌ಗೆ ಗೌರವಧನ ಕೊಡುತ್ತಾರೆ. ಕೊಟ್ಟರೆ ತೆಗೆದುಕೊಳ್ಳಿ. ವಿದ್ಯಾರ್ಥಿಯಿಂದ ಕೇಳಬೇಡಿ.

ದಾರಿಯಲ್ಲಿ

ಬೆಂಗಳೂರಿನ ಟ್ರಾಫಿಕ್ ಯಾರಿಗೂ ನೆಪ ಅಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ. ಮೊದಲ ಸಲ ಹೋಗುವ ಕೇಂದ್ರವಾದರೆ ಹಿಂದಿನ ದಿನ ಹೋಗಿ ನೋಡಿ ಬನ್ನಿ. ಒಂದು ಗಂಟೆ ಮುಂಚೆ ತಲುಪುವ ಹಾಗೆ ಹೊರಡಿ. ನಾನು ಸಾಮಾನ್ಯವಾಗಿ ನ್ಯಾಷನಲ್ ಕಾಲೇಜು ಮೆಟ್ರೋ ಸ್ಟೇಷನ್ನಿನಲ್ಲಿ ಸಿಗಲು ಹೇಳುತ್ತೇನೆ. ನೆಲದಲ್ಲಿ ಉಬ್ಬು ಗೆರೆಗಳ ಹಳದಿ ಟೈಲ್ಸ್ ಇರುವುದರಿಂದ ಹಲವರಿಗೆ ಮೆಟ್ರೋ ಸಲೀಸು.

ಜೊತೆಗೆ ನಡೆಯುವಾಗ ಅವರ ಕೈ ಹಿಡಿದು ಎಳೆಯಬೇಡಿ. ಕೋಲನ್ನಂತೂ ಮುಟ್ಟಲೇಬೇಡಿ. ನಿಮ್ಮ ಮೊಣಕೈ ಹತ್ತಿರ ಅವರು ಹಿಡಿದುಕೊಳ್ಳಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ‘ಹುಷಾರು’ ಅಂದರೆ ಏನೂ ಗೊತ್ತಾಗುವುದಿಲ್ಲ. ‘ಮೆಟ್ಟಿಲು, ಮೂರು, ಹತ್ತಬೇಕು’ ಅನ್ನಿ. ‘ಫುಟ್‌ಪಾತ್ ಕಲ್ಲು ಎದ್ದಿದೆ, ಎಡಕ್ಕೆ ಬನ್ನಿ’ ಅನ್ನಿ. ಕುರ್ಚಿ ಬಂದಾಗ ಅವರ ಕೈಯನ್ನು ಕುರ್ಚಿಯ ಬೆನ್ನಿನ ಮೇಲೆ ಇಡಿಸಿ, ಕೂರುವುದು ಅವರಿಗೆ ಗೊತ್ತು. ನೀರು ತರಲು ಎದ್ದು ಹೋಗುವಾಗ ಹೇಳಿ ಹೋಗಿ. ಇಲ್ಲದಿದ್ದರೆ ಅವರು ಖಾಲಿ ಜಾಗದ ಜೊತೆ ಮಾತಾಡುತ್ತಿರುತ್ತಾರೆ. ಅದು ತುಂಬಾ ಬೇಜಾರಿನ ವಿಷಯ.

ಮಧ್ಯಾಹ್ನ ಎರಡರ ಪೇಪರ್ ಇದ್ದರೆ ವಾಪಸ್ ಹೋಗುವುದನ್ನೂ ಮೊದಲೇ ಯೋಚಿಸಿ. ಹೆಚ್ಚುವರಿ ಸಮಯ ಸೇರಿ ಆರು ಗಂಟೆ ಆಗುತ್ತದೆ. ಮೇ ತಿಂಗಳಾದರೆ ಮಳೆಯೂ ಅದೇ ಹೊತ್ತಿಗೆ, ಆಫೀಸು ಬಿಡುವುದೂ ಅದೇ ಹೊತ್ತಿಗೆ.

ಪೆನ್ನಿನ ಸದ್ದು

ಪರೀಕ್ಷಾ ಕೊಠಡಿಯಲ್ಲಿ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಇತಿಹಾಸದ ಪೇಪರ್. ಟಿಪ್ಪು ಸುಲ್ತಾನ್ ಬಗ್ಗೆ ಹತ್ತು ಅಂಕದ ಪ್ರಶ್ನೆ. ಅವರು ಚೆನ್ನಾಗಿ ಹೇಳುತ್ತಾ ಬಂದರು. ಕೊನೆಯಲ್ಲಿ ‘1792ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪು ಮಡಿದ’ ಅಂದರು. 1792 ಶ್ರೀರಂಗಪಟ್ಟಣ ಒಪ್ಪಂದದ ವರ್ಷ. ಟಿಪ್ಪು ಸತ್ತದ್ದು 1799ರಲ್ಲಿ. ನನಗೆ ಗೊತ್ತಿತ್ತು. ಕೈ ಒಂದು ಕ್ಷಣ ನಿಂತಿತು. ಆಮೇಲೆ ಅವರು ಹೇಳಿದ ಹಾಗೆಯೇ 1792 ಅಂತ ಬರೆದೆ. ಸರಿಯಾಗಿ ನಡೆದುಕೊಂಡೆ ಅಂತಲೇ ಅಂದುಕೊಂಡೆ.

ಹೊರಗೆ ಬಂದು ಟೀ ಕುಡಿಯುವಾಗ ಅವರು ಕೇಳಿದರು, ‘ಟಿಪ್ಪು ಉತ್ತರದಾಗ ನಿಮ್ಮ ಪೆನ್ನ ನಿಂತಿತ್ತಲ್ರಿ. ಇಸವಿ ತಪ್ಪಿತ್ತೇನ್ರಿ?’

ಅವರಿಗೆ ಪೆನ್ನಿನ ಸದ್ದು ಕೇಳಿಸುತ್ತಿತ್ತು. ನಿಂತದ್ದೂ ಕೇಳಿಸಿತ್ತು. ‘ಆಗಲೇ ಅನುಮಾನ ಬಂತು. ಆದ್ರ ಅದು ನಿಮ್ಮ ಪೆನ್ನಿಂದ ಬಂದ ಅನುಮಾನ. ಅದಕ್ಕ ತಿದ್ದಲಿಲ್ಲ’ ಅಂದರು.

ಇದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಗೊತ್ತಿಲ್ಲ. ಉತ್ತರ ಹೇಳಿಕೊಡಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಪೆನ್ನು ನಿಲ್ಲಿಸುವುದೂ ಹೇಳಿಕೊಟ್ಟ ಹಾಗೆಯೇ. ‘ಹ್ಞಾಂ?’ ಅಂತ ರಾಗ ಎಳೆಯುವುದೂ ಹಾಗೆಯೇ. ಬಹು ಆಯ್ಕೆ ಪ್ರಶ್ನೆಯಲ್ಲಿ ನಾಲ್ಕು ಆಯ್ಕೆ ಓದುವಾಗ ಸರಿ ಉತ್ತರದ ಮೇಲೆ ದನಿ ಸ್ವಲ್ಪ ಏರುತ್ತದೆ, ನಮಗೇ ಗೊತ್ತಾಗುವುದಿಲ್ಲ. ಮನೆಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ. ನಾಲ್ಕೂ ಒಂದೇ ದನಿಯಲ್ಲಿ ಬರುವವರೆಗೆ ಓದಿ. ಬರೆಯುವ ವೇಗವೂ ಒಂದೇ ಇರಲಿ. ಪೆನ್ನು ನಿಲ್ಲಿಸಲೇಬೇಕಾದರೆ ಕಾರಣ ಹೇಳಿ: ‘ಪುಟ ತಿರುಗಿಸ್ತಿದೀನಿ’, ‘ಪದ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’. ಓದಿ ಹೇಳುವಾಗ ಪೂರ್ತಿ ಉತ್ತರವನ್ನು ಓದಿ. ತಪ್ಪಿರುವ ಸಾಲನ್ನು ಮಾತ್ರ ಓದುವುದು ಬೇಡ. ನಿಮ್ಮ ವಿಷಯ ಅಲ್ಲದ ಪೇಪರ್‌ಗೆ ಹೋದರೆ ಇದೆಲ್ಲ ಸುಲಭ. ನಾನು ಕಾಮರ್ಸ್ ಪೇಪರ್‌ಗಳನ್ನು ಒಪ್ಪಿಕೊಳ್ಳುವುದೇ ಇಲ್ಲ.

ಅವರ ಅಂಕ ಅವರದ್ದಾಗಿರಬೇಕು. ಬಂದ ಎಪ್ಪತ್ತರಲ್ಲಿ ಎರಡು ಸ್ಕ್ರೈಬ್‌ನದು ಅಂತ ಯಾರಿಗಾದರೂ ಅನಿಸಿಬಿಟ್ಟರೆ, ಉಳಿದ ಅರವತ್ತೆಂಟರ ಮೇಲೂ ಜನ ಬೆರಳು ತೋರಿಸುತ್ತಾರೆ. ಅಂಥ ಮಾತನ್ನು ಅವರು ಈಗಾಗಲೇ ಸಾಕಷ್ಟು ಕೇಳಿದ್ದಾರೆ.

ಇನ್ನು ಸಣ್ಣಪುಟ್ಟದ್ದು. ರಿಜಿಸ್ಟರ್ ನಂಬರನ್ನು ಒಂದೊಂದೇ ಅಂಕಿಯಾಗಿ ಎರಡು ಸಲ ಗಟ್ಟಿಯಾಗಿ ಓದಿ ಬರೆಯಿರಿ. ಪ್ರತಿ ಉತ್ತರ ಶುರುವಾಗುವಾಗ ಪ್ರಶ್ನೆ ಸಂಖ್ಯೆ ಹಾಕಿದ್ದನ್ನು ಬಾಯಿಬಿಟ್ಟು ಹೇಳಿ. ಎಷ್ಟು ಪ್ರಶ್ನೆ ಉಳಿದಿದೆ, ಯಾವುದಕ್ಕೆ ಆಯ್ಕೆ ಇದೆ ಅಂತ ಕೇಳಿದಾಗಲೆಲ್ಲ ಹೇಳಿ, ಸಿಡುಕಬೇಡಿ. ಗೋಡೆ ಗಡಿಯಾರ ಅವರಿಗೆ ಕಾಣುವುದಿಲ್ಲ. ಆ ನಾಲ್ಕು ಗಂಟೆ ಅವರ ಗಡಿಯಾರ ನೀವೇ. ಬಿಸಿನೀರು ತೆಗೆದುಕೊಂಡು ಹೋಗಿ, ಓದಿ ಓದಿ ಗಂಟಲು ಕಟ್ಟುತ್ತದೆ. ಪೆನ್ನು ಮೂರು ಇರಲಿ. ಅಡಿಷನಲ್ ಶೀಟ್ ಕಟ್ಟುವ ಮೊದಲು ಪುಟಗಳ ಕ್ರಮ ಎಣಿಸಿ ಹೇಳಿ.

ಹೊರಗೆ ಬಂದ ಮೇಲೆ ಅವರು ಏನು ಬರೆದರು, ಎಲ್ಲಿ ತಡವರಿಸಿದರು ಅನ್ನುವುದನ್ನು ಯಾರಿಗೂ ಹೇಳಬೇಡಿ. ಜೊತೆಗೆ ಫೋಟೊ ತೆಗೆದು ಸ್ಟೇಟಸ್ ಹಾಕಬೇಡಿ. ಅವರೇ ಹಾಕಿದರೆ ಅದು ಬೇರೆ. ‘ಇವತ್ತು ಒಂದು ಪುಣ್ಯದ ಕೆಲಸ ಮಾಡಿದೆ’ ಅಂತ ಬರೆದ ಪೋಸ್ಟನ್ನು ಪರೀಕ್ಷೆ ಬರೆದವರ ಫೋನು ಅವರಿಗೆ ಓದಿ ಹೇಳುತ್ತದೆ. ನೆನಪಿರಲಿ, ಅವರೂ ಫೇಸ್‌ಬುಕ್‌ನಲ್ಲಿ ಇದ್ದಾರೆ.

ಕೈ ಕೊಡುವ ಹಾಗೆ ಆದರೆ

ಜ್ವರ ಬರಬಹುದು. ಮನೆಯಲ್ಲಿ ಸಾವು ಆಗಬಹುದು. ಗೊತ್ತಾದ ನಿಮಿಷವೇ ಫೋನ್ ಮಾಡಿ. ವಾಟ್ಸ್ಯಾಪ್ ಮೆಸೇಜ್ ಸಾಲದು, ಅವರು ಹೂಂ ಅನ್ನುವುದು ಕಿವಿಗೆ ಬೀಳಬೇಕು. ಹುಡುಕುವ ಕೆಲಸವನ್ನು ಅವರ ತಲೆಗೆ ಹಾಕಬೇಡಿ. ನೀವೇ ನಿಮ್ಮ ಕ್ಲಾಸಿನವರಿಗೆ, ಪಕ್ಕದ ಮನೆಯವರಿಗೆ ಫೋನ್ ಮಾಡಿ. ತುರ್ತು ಇದ್ದಾಗ ಸ್ಕ್ರೈಬ್ ಬದಲಿಸಲು 2018ರ ಮಾರ್ಗಸೂಚಿಯಲ್ಲಿ ಅವಕಾಶ ಇತ್ತು. ಆದರೆ ಹೊಸಬರ ಕಾಗದಪತ್ರಕ್ಕೂ ಸಮಯ ಬೇಕಲ್ವಾ? ಅದಕ್ಕೇ, ಒಪ್ಪಿಕೊಳ್ಳುವಾಗಲೇ ನಿಮ್ಮ ಬದಲಿಗೆ ಬರಬಲ್ಲ ಇನ್ನೊಬ್ಬರ ಹೆಸರು ಇಟ್ಟುಕೊಳ್ಳಿ.

ತಪ್ಪು ಆಗಿಹೋದ ಮೇಲೆ ಮೊದಲು ಕ್ಷಮೆ ಕೇಳಿ, ಕಾರಣ ಆಮೇಲೆ. ಅವರು ಕೇಳಿದರೆ ಮಾತ್ರ. ನಾನು ಉಲ್ಟಾ ಮಾಡಿದ್ದೆ. ಇಂಟರ್ನಲ್ಸ್, ಲೆಕ್ಚರರ್, ಅಟೆಂಡೆನ್ಸ್ ಅಂತ ಹತ್ತು ನಿಮಿಷ ಹೇಳಿ ಕೊನೆಗೆ ಸಾರಿ ಅಂದಿದ್ದೆ. ಒಂದು ವಾರ ಬಿಟ್ಟು ಅವಳ ಹಾಸ್ಟೆಲ್‌ಗೆ ಹೋದೆ. ಮರುಪರೀಕ್ಷೆಯ ಫೀಸ್ ನಾನು ಕಟ್ಟುತ್ತೇನೆ ಅಂದೆ. ಅವಳು ಬೇಡ ಅಂದಳು. ‘ರೊಕ್ಕ ಬ್ಯಾಡಕ್ಕ. ಆಗಲ್ಲಂದ್ರ ಮೊದ್ಲ ಹೇಳ್ರಿ’ ಅಂದಳು. ನವೆಂಬರ್‌ನಲ್ಲಿ ಆ ಪೇಪರ್ ಬರೆಯಲು ನನ್ನನ್ನೇ ಕರೆದಳು. ಯಾಕೆ ಕರೆದಳು ಅಂತ ನಾನು ಕೇಳಲಿಲ್ಲ. ಪರೀಕ್ಷೆ ಶುರುವಾಗುವ ಎರಡು ಗಂಟೆ ಮೊದಲೇ ಹೋಗಿ ಗೇಟಿನಲ್ಲಿ ನಿಂತಿದ್ದೆ.

ಈಗ ನನ್ನ ಚಿಕ್ಕಮ್ಮನ ಮಗ ಪಿಯುಸಿ ಓದುತ್ತಿದ್ದಾನೆ. ಹನುಮಂತನಗರದಲ್ಲಿ ಅವರ ಮನೆ. ‘ನಾನೂ ಬರ್ತೀನಿ ಅಕ್ಕ’ ಅಂತ ಒಂದು ತಿಂಗಳಿಂದ ಹೇಳುತ್ತಿದ್ದಾನೆ. ಭಾನುವಾರ ಬಂದು ಕೂರುತ್ತಾನೆ, ನಾನು ಪೇಪರ್ ಓದುತ್ತೇನೆ, ಅವನು ಬರೆಯುತ್ತಾನೆ. ‘ಧನ’ ಅಂತ ಬರೆಯುವ ಕಡೆ ‘ದನ’ ಅಂತ ಬರೆಯುವುದು ಈಗ ಕಡಿಮೆಯಾಗಿದೆ. ಮುಂದಿನ ತಿಂಗಳು ಒಬ್ಬರ ಬಿ.ಎ. ಪರೀಕ್ಷೆ ಇದೆ, ಅವನನ್ನು ಕೇಳಿದ್ದಾರೆ. ಅವನು ಹೂಂ ಅನ್ನಲು ಆಗಲೇ ಬಾಯಿ ತೆರೆದಿದ್ದ. ಮೊದಲು ನಿನ್ನ ಕಾಲೇಜಿನ ಟೆಸ್ಟ್ ಟೈಂಟೇಬಲ್ ತಗೊಂಡು ಬಾ ಅಂದೆ. ಬುಧವಾರ ಸಂಜೆ ಉತ್ತರ ಹೇಳುತ್ತೇವೆ ಅಂತ ಅವರಿಗೆ ತಿಳಿಸಿದ್ದೇವೆ.